ಸಾಕಾ ಎಂದು ಕೇಳಬಾರದು

ನಾಲ್ಕು ತಿಂಗಳ ನೀರಿಗೆ ಒಂದು ಮಾತು. ವ್ಯವಹಾರ ಇಷ್ಟೇ.

ನೀರು ಹೊರುವವನು ಅಡವೀಶಪ್ಪ. ಮಾತು ಕೊಡುವವರು ಮರುಳಯ್ಯ. ಮಧ್ಯೆ ದಲ್ಲಾಳಿ ಇಲ್ಲ, ಕಾಗದಪತ್ರ ಇಲ್ಲ. ಸಾಕ್ಷಿಗೆ ಒಂದು ಒಣಗಿದ ಹೊಳೆ.

ಮರುಳಯ್ಯ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಡವೀಶಪ್ಪನಿಗೂ ಎಪ್ಪತ್ತು ಹತ್ತಿರ ಬಂದಿದೆ. ಮಂಡಿಯಲ್ಲಿ ಕೂತು ಕೂತು ಕಾಲಿನ ಮಂಡಿ ಸವೆದಿದೆ. ಬದುಕಿನಲ್ಲಿ ಕುದುರಿಸಿದ ವ್ಯವಹಾರಗಳಲ್ಲಿ ಮುಕ್ಕಾಲುಪಾಲು ಮರೆತೇ ಹೋಗಿವೆ. ಇದೊಂದನ್ನು ಮಾತ್ರ ಅವನು ಆಗಾಗ ಹೊರಗೆ ತೆಗೆದು, ಹುಣಸೆಹಣ್ಣನ್ನು ಬೆರಳಲ್ಲಿ ಒತ್ತಿ ನೋಡುವ ಹಾಗೆ ಒತ್ತಿ ನೋಡುತ್ತಾನೆ. ಗೆದ್ದೆನೋ, ಮೋಸ ಹೋದೆನೋ ಎಂದು.

ಅವನು ಹುಣಸೆಹಣ್ಣಿನ ವ್ಯಾಪಾರಿ. ಶಿವರಾತ್ರಿಯಿಂದ ಮುಂಗಾರಿನವರೆಗೆ ಅವನಿಗೆ ಸುಗ್ಗಿ. ಆ ನಾಲ್ಕು ತಿಂಗಳು ಅಂಗಡಿ ಬಿಟ್ಟವನು ಮಿಕ್ಕ ಎಂಟು ತಿಂಗಳು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರಬೇಕು.

ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಶಿವರಾತ್ರಿಯ ಮರುದಿನ, ಅವನು ಅಂಗಡಿ ಬಿಟ್ಟ.

ಮರುಳಯ್ಯ ಅವನಿಗಿಂತ ಹದಿನೈದು ವರ್ಷ ದೊಡ್ಡವರು. ಹಿಂದೆ ಹಣ್ಣಿನ ಮೂಟೆ ಸಾಗಿಸುವ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಇಪ್ಪತ್ತರ ಪ್ರಾಯದ ಅಡವೀಶಪ್ಪ ಆ ಮೂಟೆಗಳ ಮೇಲೆ ಕೂತು ಅವರ ಜೊತೆ ಸಂತೆ ಸಂತೆ ತಿರುಗಿದವನು. ಸ್ನೇಹಿತ ಎನ್ನೋಣವೆಂದರೆ ವಯಸ್ಸು ಅಡ್ಡ ಬರುತ್ತಿತ್ತು. ಗುರು ಎನ್ನೋಣವೆಂದರೆ ಅವರು ಬಿಡುತ್ತಿರಲಿಲ್ಲ.

ಲಾರಿಗಳು ಬಂದ ಮೇಲೆ ಮರುಳಯ್ಯ ಎತ್ತು ಮಾರಿ ಹೊಳೆಯ ದಂಡೆಯ ಹಳೆಯ ಕಲ್ಲುಮಂಟಪ ಸೇರಿದರು. ಅಲ್ಲಿ ಅರವಟ್ಟಿಗೆ ಇಟ್ಟರು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವುದು, ಮಳೆ ಬಿದ್ದ ಮೇಲೆ ಸುಮ್ಮನಿರುವುದು. ಜನ ಅದನ್ನು ಆಶ್ರಮ ಎಂದರು. ಮರುಳಯ್ಯ ಮಾತ್ರ ನೀರಿನ ಅಂಗಡಿ ಎನ್ನುತ್ತಿದ್ದರು.

ಅಡವೀಶಪ್ಪ ಕೈಚೀಲ ಹಿಡಿದು ಬಂದಾಗ ಅವರು ಮಣ್ಣಿನ ಹರವಿಯ ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು.

"ಏನು ಸಾವ್ಕಾರ, ಸುಗ್ಗಿ ಕಾಲದಲ್ಲಿ ಈ ಕಡೆ? ಹೊಳೆಯಲ್ಲಿ ಹುಣಸೆಮರ ಇಲ್ಲವಲ್ಲ."

"ಸಾಕಾಗಿದೆ ಅಯ್ಯಾ."

"ಬಿಸಿಲಾ?"

"ಅಣ್ಣ."

ಮರುಳಯ್ಯ ಮುಂದಕ್ಕೆ ಕೇಳಲಿಲ್ಲ. ತಂಬಿಗೆಯಲ್ಲಿ ನೀರು ತೆಗೆದರು. ಅಡವೀಶಪ್ಪ ಬಗ್ಗಿ ಬೊಗಸೆ ಒಡ್ಡಿದ. ಧಾರೆ ಬಿತ್ತು. ಕುಡಿದ. ಇನ್ನೂ ಬಿತ್ತು. ಇನ್ನೂ ಕುಡಿದ. ಅವನು ತಲೆಯೆತ್ತಿ "ಸಾಕು" ಎನ್ನುವವರೆಗೆ ಧಾರೆ ನಿಲ್ಲಲಿಲ್ಲ.

"ಈಗ ಹೇಳು."

ಹೇಳುವುದಕ್ಕೆ ಹೊಸದೇನೂ ಇರಲಿಲ್ಲ. ಅಣ್ಣ ಮುದ್ದವೀರಪ್ಪನಿಗೆ ಆರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಅವನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಅಡವೀಶಪ್ಪನೂ ಹೆಂಡತಿ ದಾಕ್ಷಾಯಣಿಯೂ ತಮ್ಮ ನಡುಮನೆಯಲ್ಲಿ ಅವನಿಗೆ ಮಂಚ ಹಾಕಿದರು. ತೊಳೆಯುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಅಡವೀಶಪ್ಪನದೇ.

ಕೈಕಾಲಿನ ಜೊತೆ ಮಾತೂ ಹೋಗಿತ್ತು. ಪೂರ್ತಿ ಹೋಗಿದ್ದರೆ ಚೆನ್ನಾಗಿತ್ತು ಎಂದು ಅಡವೀಶಪ್ಪನಿಗೆ ಎಷ್ಟೋ ಸಲ ಅನಿಸಿದ್ದುಂಟು. ಒಂದೇ ಒಂದು ಮಾತು ಉಳಿದುಕೊಂಡಿತ್ತು.

ಬೇಕು.

"ನೀರಿಗೂ ಬೇಕು, ನೊಣ ಕೂತರೂ ಬೇಕು," ಎಂದ ಅಡವೀಶಪ್ಪ. "ಹಸಿದ್ರೂ ಬೇಕು, ಹೊಟ್ಟೆ ತುಂಬಿದ್ರೂ ಬೇಕು. ನನ್ನನ್ನ ಬಯ್ಯೋದಕ್ಕೂ ಅದೇ. ದಿನಕ್ಕೆ ನೂರು ಸಲ ಅಯ್ಯಾ. ಅಂಗಡಿಯಲ್ಲಿ ತಕ್ಕಡಿ ಹಿಡಿದಿದ್ರೂ ಕಿವಿಯಲ್ಲಿ ಬೇಕು ಬೇಕು. ಏನು ಬೇಕು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ಈಗ ಬಿಟ್ಟು ಬಂದೆಯಾ?"

"ದಾಕ್ಷಾಯಣಿ ಇದಾಳೆ. ಎತ್ತಿ ಕೂರಿಸೋಕೆ ಪಕ್ಕದ ಮನೆಯವರು ಬರ್ತಾರೆ. ಮಳೆ ಹಿಡಿಯೋವರೆಗೆ ಅಂತ ಹೇಳಿ ಬಂದಿದೀನಿ. ಆಮೇಲೆ..."

"ಆಮೇಲೆ?"

"ಅದನ್ನೇ ಕೇಳೋಕೆ ಬಂದೆ. ನನಗೆ ಬೇಕಾದ್ದು ಇಲ್ಲಿದೆ. ಈ ಮಂಟಪ, ಒಂದು ಚಾಪೆ, ಯಾರೂ ಕೂಗದ ಒಂದು ಮಧ್ಯಾಹ್ನ. ಮಾಡಬೇಕಾದ್ದು ಅಲ್ಲಿದೆ. ಬೇಕಾದ್ದು ಒಂದು ಕಡೆ, ಮಾಡಬೇಕಾದ್ದು ಒಂದು ಕಡೆ. ಯಾವುದನ್ನ ಬಿಡಲಿ?"

"ಎರಡರಲ್ಲೂ ಬೇಕು ಇದೆಯಲ್ಲ," ಎಂದರು ಮರುಳಯ್ಯ. "ನಿಮ್ಮಣ್ಣನ ಮಾತೇ ಆಯ್ತು."

ಅಡವೀಶಪ್ಪನಿಗೆ ನಗು ಬರಲಿಲ್ಲ.

"ಆಟ ಬೇಡ ಅಯ್ಯಾ. ಇರಲೋ, ಹೋಗಲೋ, ನೇರವಾಗಿ ಒಂದು ಮಾತು ಹೇಳಿ. ಬಿಟ್ಟಿ ಬೇಡ. ಬೆಲೆ ಹೇಳಿ, ಕೊಡ್ತೀನಿ."

"ಮೊದಲ ಮಳೆ ಬೀಳೋವರೆಗೆ ನೀರು ಹೊರು. ಒಂದು ಮಾತು ಕೊಡ್ತೀನಿ."

"ಒಂದೇನಾ?"

"ನೀನು ಕೇಳಿದ್ದೂ ಒಂದೇ."

ಮರುಳಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಇಬ್ಬರ ಕೈಗಳ ಮೇಲೂ ಹಾಕಿದರು. ಸಂತೆಯಲ್ಲಿ ದರ ಕುದುರಿಸುವ ಹಳೆಯ ಪದ್ಧತಿ. ಪಕ್ಕದವರಿಗೆ ಕಾಣದ ಹಾಗೆ ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಹೇಳುವುದು. ಅಲ್ಲಿ ಪಕ್ಕದವರು ಯಾರೂ ಇರಲಿಲ್ಲ. ಆದರೂ ಅವರು ಬಟ್ಟೆಯ ಕೆಳಗೇ ಅಡವೀಶಪ್ಪನ ಒಂದು ಬೆರಳು ಹಿಡಿದು ಅಲುಗಿಸಿದರು.

ವ್ಯಾಪಾರ ಕುದುರಿತು.

ಬೇಸಿಗೆಯಲ್ಲಿ ಆ ಕಡೆಯ ಹೊಳೆ ಎಂದರೆ ಬರೀ ಮರಳು. ಮರಳನ್ನು ಮೊಣಕೈ ಆಳ ತೋಡಿದರೆ ತಳ ಒದ್ದೆಯಾಗುತ್ತದೆ. ಕಾದರೆ ನೀರು ಜಿನುಗುತ್ತದೆ. ಅದೇ ಒರತೆ. ತೆಂಗಿನ ಚಿಪ್ಪಿನಲ್ಲಿ ಮೆಲ್ಲಗೆ ಬಳಿದು ಕೊಡ ತುಂಬಿಸಬೇಕು. ದಂಡೆ ಹತ್ತಿ ಹರವಿಗೆ ಸುರಿಯಬೇಕು. ಮತ್ತೆ ಇಳಿಯಬೇಕು.

ಮೂರನೆಯ ದಿನ ಅಡವೀಶಪ್ಪ ವ್ಯಾಪಾರಿಯ ತಲೆ ಓಡಿಸಿದ. ಚಿಪ್ಪು ಚಿಪ್ಪು ಬಳಿಯುತ್ತ ಕೂರುವ ಬದಲು ಒಂದೇ ಸಲ ದೊಡ್ಡದಾಗಿ ತೋಡಿದರೆ? ಸಲಿಕೆ ತಂದು ಸೊಂಟದಾಳ ಅಗೆದ. ಬದಿಯ ಮರಳು ಕುಸಿಯಿತು. ಮತ್ತೆ ಅಗೆದ. ಮತ್ತೆ ಕುಸಿಯಿತು. ಮಧ್ಯಾಹ್ನದ ಹೊತ್ತಿಗೆ ಗುಂಡಿ ತುಂಬ ರಾಡಿ, ಹರವಿ ಖಾಲಿ. ಬಂದವರು ಒಣಗಿದ ತುಟಿ ಸವರಿಕೊಂಡು ಮುಂದಕ್ಕೆ ಹೋದರು.

ಮರುಳಯ್ಯ ದಂಡೆ ಇಳಿದು ಬಂದರು. ಆ ಗುಂಡಿಯನ್ನು ನೋಡಿದರು. ಬಯ್ಯಲಿಲ್ಲ. ನಾಲ್ಕು ಮಾರು ಆಚೆ ಹೋಗಿ, ಕೈಯಲ್ಲೇ ಒಂದು ಚಿಕ್ಕ ಕುಳಿ ತೋಡಿ, ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು.

"ಏನು ಮಾಡ್ತಿದೀರಿ ಅಯ್ಯಾ?"

"ಕೂತಿದೀನಿ."

"ನೀರು ಬೇಕಲ್ಲ?"

"ಬೇಕು. ಅದಕ್ಕೇ ಕೂತಿದೀನಿ."

ಹದಿನೈದು ದಿನಕ್ಕೆ ಅಡವೀಶಪ್ಪನ ಕೈ ಪಳಗಿತು. ಬಾಯಿ ಪಳಗಲಿಲ್ಲ.

ಕುರಿ ಮೇಯಿಸುವ ಈರಕ್ಕ ಎಂಬ ಮುದುಕಿ ದಿನಾ ಹೊತ್ತು ನೆತ್ತಿಗೆ ಬರುವಾಗ ಬಂದು ನೀರು ಕುಡಿಯುತ್ತಿದ್ದಳು. ಅವಳ ಹಿಂದೆ ಒಂದು ಮರಿ. ಹುಟ್ಟಿದ ದಿನವೇ ತಾಯಿ ಸತ್ತ ಮರಿ. ಅವಳು ನಿಂತರೆ ಅದು ನಿಲ್ಲುತ್ತಿತ್ತು, ಅವಳು ಕೂತರೆ ಸೆರಗು ಜಗಿಯುತ್ತಿತ್ತು.

ಒಂದು ದಿನ ಅವಳು ಬೊಗಸೆ ಒಡ್ಡಿದಾಗ ಅಡವೀಶಪ್ಪ ಅರ್ಧ ತಂಬಿಗೆ ಸುರಿದು, ಕೈ ತಡೆದು ಕೇಳಿದ.

"ಸಾಕಾ?"

ಈರಕ್ಕ ತಲೆಯೆತ್ತಿದಳು. "ಸಾಕು ಬಿಡಪ್ಪ," ಎಂದಳು. ಬಾಯಿ ಒರೆಸಿಕೊಂಡು ಎದ್ದಳು.

ಮಂಟಪದ ಒಳಗಿನಿಂದ ಮರುಳಯ್ಯ ಹೊರಗೆ ಬಂದರು. ತಂಬಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡರು. ಆ ನಾಲ್ಕು ತಿಂಗಳಲ್ಲಿ ಅವರು ಸಿಟ್ಟು ಮಾಡಿದ್ದು ಅದೊಂದೇ ಸಲ.

"ಕೂತುಕೋ ಈರಕ್ಕ. ಕೈ ಒಡ್ಡು."

ಅವಳು ಕೂತಳು. ಮರುಳಯ್ಯ ಸುರಿದರು. ಒಂದು ತಂಬಿಗೆ ಮುಗಿಯಿತು. ಎರಡನೆಯದು ಅರ್ಧ ಆದಾಗ ಅವಳು ತಲೆ ಅಲ್ಲಾಡಿಸಿ "ಸಾಕು" ಎಂದಳು. ಮುಖದ ತುಂಬ ನೀರು, ಮುಖದ ತುಂಬ ನಗು.

"ನೋಡಿದೆಯಾ?" ಎಂದರು ಮರುಳಯ್ಯ. "ಆಗಲೇ ಸಾಕು ಅಂದಿದ್ದಳು."

"ಅವಳೇ ಅಂದದ್ದು ಅಯ್ಯಾ. ನಾನು ಕೇಳಿದೆ ಅಷ್ಟೆ."

"ಸಾಕಾ ಅಂತ ಕೇಳೋದು ಕೇಳೋದಲ್ಲ. ನಿಲ್ಲಿಸೋದು."

ಈರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ದನಿಗೂಡಿಸಿದಳು. "ಹೂಂ ಸಾಮಿ. ಉಣ್ಣೋಕೆ ಕೂತೋರನ್ನ ಸಾಕಾ ಅಂದ್ರೆ ಯಾವ ಮಾನವಂತರು ಸಾಲದು ಅಂತಾರೆ? ನಮ್ಮ ಸೊಸೆ ದಿನಾ ಹಂಗೇ ಕೇಳ್ತಾಳೆ. ನಾನು ದಿನಾ ಅರೆಹೊಟ್ಟೆಯಲ್ಲಿ ಏಳ್ತೀನಿ."

"ಬೇಕಾ ಅಂತ ಕೇಳಬಹುದಾ?" ಎಂದ ಅಡವೀಶಪ್ಪ. ಅವನಿಗೆ ನಿಯಮ ಸ್ಪಷ್ಟವಾಗಿ ಗೊತ್ತಾಗಬೇಕಿತ್ತು.

"ಅದನ್ನೂ ಕೇಳಬೇಡ. ಹುಯ್ಯಿ. ಕುಡಿಯೋರು ಸಾಕು ಅನ್ನೋವರೆಗೆ ಹುಯ್ಯೋನು ಸಾಕು ಅನ್ನೋ ಹಾಗಿಲ್ಲ. ಈ ಅಂಗಡಿಯ ಕಾನೂನು ಅಷ್ಟೇ."

"ನನ್ನ ಕೈ ಸೋತರೆ?"

"ಇನ್ನೊಂದು ಕೈ ಇದೆಯಲ್ಲ."

ಈರಕ್ಕ ಹೊರಟಳು. ಮರಿ ಅವಳ ಕಾಲಿಗೆ ಅಡ್ಡಡ್ಡ ಬಂತು. ಅವಳು ಅದಕ್ಕೊಂದು ಏಟು ಕೊಟ್ಟು, ಆಮೇಲೆ ಎತ್ತಿಕೊಂಡಳು.

"ಅಷ್ಟು ಇಷ್ಟಾನಾ ಆ ಮರಿ?" ಎಂದ ಅಡವೀಶಪ್ಪ.

"ಇಷ್ಟ ಎಲ್ಲಿಂದ ಬಂತಪ್ಪ. ಇರೋ ಎರಡು ಸೀರೆ ತಿಂದುಹಾಕಿದೆ. ಬೆಳಗಾದ್ರೆ ಹಾಲು ಕುಡಿಸು, ಸಂಜೆ ಆದ್ರೆ ಹಾಲು ಕುಡಿಸು. ಸಾಕಾಗಿ ಹೋಗಿದೆ."

"ಮಾರಿಬಿಡು ಹಾಗಾದರೆ."

"ಸಾಕ್ತಿದೀನಲ್ಲ," ಎಂದಳು ಈರಕ್ಕ, ಇವನಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ. ಮರಿಯನ್ನು ಹೆಗಲಿಗೆ ಏರಿಸಿಕೊಂಡು ಮರಳಿಗೆ ಇಳಿದಳು.

ಮೂರನೆಯ ತಿಂಗಳಲ್ಲಿ ದಾಕ್ಷಾಯಣಿ ಬಂದಳು.

ಬಸ್ಸಿಳಿದು ಒಂದು ಹರದಾರಿ ಬಿಸಿಲಲ್ಲಿ ನಡೆದು ಬಂದಿದ್ದಳು. ಕೈಯಲ್ಲಿ ಬುತ್ತಿ. ಅಡವೀಶಪ್ಪ ಆಗ ಇಬ್ಬರು ದಾರಿಹೋಕರಿಗೆ ನೀರು ಸುರಿಯುತ್ತಿದ್ದ. ಅವರು ಕುಡಿದು ಹೋಗುವವರೆಗೆ ಅವಳು ಕಂಬಕ್ಕೆ ಒರಗಿ ನಿಂತು ನೋಡಿದಳು.

"ಚೆನ್ನಾಗಿ ಹುಯ್ತೀರಿ," ಎಂದಳು. "ಊರು ಕೇರಿ ಗೊತ್ತಿಲ್ಲದವರಿಗೆಲ್ಲ."

"ಬಾ, ನೆರಳಿಗೆ ಬಾ."

"ಮನೇಲಿ ಒಬ್ಬರು ಬಾಯಿ ಬಿಟ್ಕೊಂಡು ಮಲಗಿದಾರೆ. ಅವರಿಗೆ ಹುಯ್ಯೋಕೆ ಮಾತ್ರ ಕೈ ಬರಲ್ಲ."

"ಆರು ವರ್ಷ ಹುಯ್ದೆ ಕಣೇ."

"ಹುಯ್ದಿರಿ. ಇಲ್ಲ ಅಂದೋರ್ಯಾರು? ಭಾವ ಬೇಕು ಅಂದ ತಕ್ಷಣ ಬೆಂಕಿ ಬಿದ್ದ ಹಾಗೆ ಎದ್ದು ಹೋಗೋದು, ಕೈಗೆ ಸಿಕ್ಕಿದ್ದನ್ನ ಬಾಯಿಗೆ ತುರುಕೋದು, ಸಾಕಾ ಸಾಕಾ ಅನ್ನೋದು. ನೋಡ್ತಿದ್ದೆನಲ್ಲ."

ಅಡವೀಶಪ್ಪ ಮರುಳಯ್ಯನ ಕಡೆ ನೋಡಿದ. ಅವರು ಹರವಿಯ ಬುಡದಲ್ಲಿ ಜಾರಿದ ಇಟ್ಟಿಗೆ ಸರಿಮಾಡುತ್ತಿದ್ದರು. ಕಿವಿ ಕೇಳದವರ ಹಾಗೆ.

"ಅವರು ನಿಮ್ಮನ್ನ ಸಾಕಿದವರು ರೀ," ಎಂದಳು ದಾಕ್ಷಾಯಣಿ. ದನಿ ಸ್ವಲ್ಪ ಇಳಿದಿತ್ತು. "ಅಪ್ಪ ಅಮ್ಮ ಇಲ್ಲದ ನಿಮ್ಮನ್ನ."

"ಸಾಕಿದ. ಹುಣಸೆ ಬರಲಿನಲ್ಲಿ ಬಾರಿಸಿ ಬಾರಿಸಿ ಸಾಕಿದ. ಒಂದು ದಿನ ನಗುನಗುತ್ತ ಅನ್ನ ಹಾಕಿದ್ದು ನನಗೆ ನೆನಪಿಲ್ಲ."

"ಹಾಕಿದರೋ ಇಲ್ಲವೋ?"

ಅಣ್ಣ ಹಾಕಿದ್ದ. ಒಂದು ಹೊತ್ತೂ ತಪ್ಪಿಸಿರಲಿಲ್ಲ.

"ನನಗೂ ಐವತ್ತು ಹತ್ತಿರ ಬಂತು," ಎಂದಳು ಅವಳು. "ಎತ್ತೋಕೆ ಆಗ್ತಿಲ್ಲ. ಪಕ್ಕದ ಮನೆಯವರು ಮೊದಲ ತಿಂಗಳು ಕೂಗಿದರೆ ಬರ್ತಿದ್ರು, ಈಗ ಬಾಗಿಲು ಹಾಕ್ಕೋತಾರೆ. ನಿಮ್ಮನ್ನ ಬನ್ನಿ ಅಂತ ಕರೆಯೋಕೆ ಬರಲಿಲ್ಲ. ಬರ್ತೀರೋ ಇಲ್ಲವೋ ಹೇಳಿಬಿಡಿ. ಮಳೆ ಬೀಳೋವರೆಗೆ ನೋಡ್ತೀನಿ. ಆಮೇಲೆ ನಾನು ತವರಿಗೆ ಹೋಗ್ತೀನಿ. ಭಾವನ್ನ ನೋಡ್ಕೊಳ್ಳೋರು ಅಂತ ಯಾರೂ ಇರಲ್ಲ. ನಿಮಗೆ ತಿಳಿದಿರಲಿ ಅಂತ ಹೇಳಿದೆ."

ಮರುಳಯ್ಯ ಎದ್ದು ತಂಬಿಗೆ ತಂದರು.

"ಕೈ ಒಡ್ಡು ತಾಯಿ. ಬಿಸಿಲಲ್ಲಿ ಬಂದಿದೀಯ."

ಅವಳು ಕುಡಿದಳು. ಎಷ್ಟು ಕುಡಿದಳೆಂದರೆ ಅಡವೀಶಪ್ಪ ಹೊಸ ಕೊಡ ತರಬೇಕಾಯಿತು. ಕೊನೆಗೆ ಅವಳು "ಸಾಕು" ಎಂದಾಗ ಅವಳ ಕಣ್ಣಲ್ಲೂ ನೀರಿತ್ತು. ಮುಖ ಒದ್ದೆಯಾಗಿದ್ದರಿಂದ ಅದು ಯಾವ ನೀರೆಂದು ಅವನು ಕೇಳಲಿಲ್ಲ.

ಅವಳು ಹೋದ ಮೇಲೆ ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇಬ್ಬರೂ ತಿಂದರು.

"ಹೋಗು ಅಂತೀರಾ ಅಯ್ಯಾ?"

"ಮಳೆ ಬಿದ್ದಿಲ್ಲವಲ್ಲ."

"ಒಂದು ಮಾತು ಮುಂಗಡವಾಗಿ ಕೊಟ್ಟರೆ ಏನು ಹೋಗುತ್ತೆ?"

"ಸರಕು ಹಣ್ಣಾಗೋ ಮೊದಲು ಮರ ಬಡಿದರೆ ಏನಾಗುತ್ತೆ ಸಾವ್ಕಾರ?"

"ಕಾಯಿ ಬೀಳುತ್ತೆ."

"ಚಟ್ನಿ ಆ ಕಡೆ ಸರಿಸು," ಎಂದರು ಮರುಳಯ್ಯ.

ಮಳೆ ಜ್ಯೇಷ್ಠದಲ್ಲಿ ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿ, ಧೂಳೆಬ್ಬಿಸಿ, ದೊಡ್ಡ ದೊಡ್ಡ ಹನಿ ಹಾಕಿತು. ಅಡವೀಶಪ್ಪ ಮರಳಿನಲ್ಲಿ ಚಿಪ್ಪು ಹಿಡಿದು ಕೂತಿದ್ದ. ಅವನು ತೋಡಿದ ಒರತೆಯೊಳಗೆ ಮಳೆ ಬಿತ್ತು. ಮೇಲಿನ ನೀರು ಕೆಳಗಿನ ನೀರಿಗೆ ಸೇರಿತು. ಇನ್ನು ಬಳಿಯುವುದರಲ್ಲಿ ಅರ್ಥವಿರಲಿಲ್ಲ.

ಅವನು ದಂಡೆ ಹತ್ತಿ ಬಂದ. ಮರುಳಯ್ಯ ಹರವಿಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದರು. ಅವನ ಕೈಯಿಂದ ಕೊಡ ಇಸಿದುಕೊಂಡರು.

"ಸಾಕು," ಎಂದರು.

ಅಡವೀಶಪ್ಪ ಕಾದ. ಅವರು ಕೊಡವನ್ನೂ ಬೋರಲು ಹಾಕಿದರು.

"ಮಾತು ಕೊಡಿ ಅಯ್ಯಾ."

"ಕೊಟ್ಟೆನಲ್ಲ."

"ಯಾವಾಗ?"

"ಈಗ ತಾನೆ."

ಅಡವೀಶಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಮೈ ಉರಿದುಹೋಯಿತು.

"ಸಾಕು? ಅದಾ ಮಾತು? ಒಂದು ಸುಗ್ಗಿ ಪೂರ್ತಿ ಬಿಟ್ಟು ಕೂತಿದ್ದೆ ಇಲ್ಲಿ! ಅಂಗೈ ನೋಡಿ, ಬೊಬ್ಬೆ! ಇದಕ್ಕೆ ಎರಡಕ್ಷರ?"

"ಒಂದು ಮಾತು ಅಂತಲೇ ಕೈ ಹಿಡಿದದ್ದು. ಅಕ್ಷರ ಎಷ್ಟು ಅಂತ ನೀನು ಕೇಳಲಿಲ್ಲ."

"ಏನು ಸಾಕು? ಇಲ್ಲಿದ್ದದ್ದು ಸಾಕಾ? ಅಲ್ಲಿಯದು ಸಾಕಾ?"

ಮರುಳಯ್ಯ ತಮ್ಮ ಕಂಬಳಿಯನ್ನು ಗೊಪ್ಪೆ ಮಾಡಿ ಅವನ ತಲೆಗೆ ಹಾಕಿ, ಒಳಗೆ ಹೋದರು.

ಅಡವೀಶಪ್ಪ ಬಯ್ದುಕೊಳ್ಳುತ್ತ ರಸ್ತೆಗೆ ಬಂದ. ಇಷ್ಟು ವರ್ಷ ಮಂಡಿಯಲ್ಲಿ ಕೂತು, ಕೊನೆಗೆ ಒಬ್ಬ ಗಾಡಿಯವನ ಕೈಯಲ್ಲಿ ಮೋಸ ಹೋದೆನಲ್ಲ ಎಂದುಕೊಂಡ. ಬಸ್ಸು ನಿಲ್ಲುವ ಹೊಂಗೆಮರದ ಕೆಳಗೆ ಈರಕ್ಕ ಕುರಿಗಳ ಜೊತೆ ಮಳೆಗೆ ನಿಂತಿದ್ದಳು. ಮರಿ ಈಗ ಮರಿಯಾಗಿರಲಿಲ್ಲ. ಕೋಡು ಮೂಡಿತ್ತು. ಆದರೂ ಅವಳ ಸೆರಗಿನೊಳಗೇ ತಲೆ ತೂರಿಸಿತ್ತು.

ಮಾತಾಡುವ ಮನಸ್ಸಿರಲಿಲ್ಲ. ಆದರೂ ಕೇಳಿದ.

"ಇನ್ನೂ ಮಾರಲಿಲ್ವಾ?"

"ಹಬ್ಬ ಬರಲಿ, ಮಾರ್ತೀನಿ," ಎಂದಳು ಈರಕ್ಕ. "ಸದ್ಯಕ್ಕೆ ಸಾಕು," ಎಂದು ಅದರ ಬೆನ್ನಿನ ಮೇಲಿನ ಮಳೆನೀರನ್ನು ಅಂಗೈಯಲ್ಲಿ ಒರೆಸಿ ಹಾಕಿದಳು. "ನನ್ನ ಗಂಡ ಸಾಯೋ ಮುಂಚೆ ಈ ಮರೀನ ನನ್ನ ಕೈಗೆ ಇಟ್ಟು ಹೋದ. ಸದ್ಯಕ್ಕೆ ಸಾಕು, ಆಮೇಲೆ ನೋಡಿಕೋ ಅಂತ."

ಅಡವೀಶಪ್ಪ ಕಂಬಳಿಯೊಳಗೆ ಅಲುಗಾಡದೆ ನಿಂತ.

ಸಾಕು ಎಂದರೆ ನಿಲ್ಲಿಸು. ಸಾಕು ಎಂದರೆ ಸಲಹು. ಸರಕು ಒಂದೇ, ಎರಡು ತಕ್ಕಡಿಯಲ್ಲೂ ತೂಗುತ್ತದೆ. ಮುದುಕ ಕೊಟ್ಟದ್ದು ಯಾವುದು?

ಹಿಂದಕ್ಕೆ ಹೋಗಿ ಕೇಳಬಹುದಿತ್ತು. ಆದರೆ ಇನ್ನೊಂದು ಮಾತಿಗೆ ಇನ್ನೊಂದು ಬೇಸಿಗೆ ಕೇಳುವ ಆಸಾಮಿ ಅದು. ಅಷ್ಟರಲ್ಲಿ ಬಸ್ಸು ಬಂತು. ಊರ ಕಡೆಯ ಬಸ್ಸು. ಹತ್ತಿದ.

ಮನೆಯ ಹೊಸ್ತಿಲು ದಾಟುವ ಮೊದಲೇ ಕೇಳಿಸಿತು.

"ಬೇಕು."

ದಾಕ್ಷಾಯಣಿ ಅಡಿಗೆಮನೆಯಿಂದ ಇಣುಕಿ ನೋಡಿದಳು. ಗಂಟು ಕಟ್ಟಿಟ್ಟ ಅವಳ ಸೀರೆಗಳು ಗೂಡಿನಲ್ಲಿದ್ದವು. ಅವನಿಗೂ ಕಾಣಿಸಿದವು.

ಅಡವೀಶಪ್ಪ ಒದ್ದೆ ಕಂಬಳಿ ತೆಗೆದಿಟ್ಟು ಮಂಚದ ಪಕ್ಕ ಕೂತ. ನೀರಿಗೆ ಓಡಲಿಲ್ಲ. ಬೀಸಣಿಗೆ ಹುಡುಕಲಿಲ್ಲ. ಒರತೆಯ ಪಕ್ಕ ಕೂತ ಹಾಗೆ ಕೂತ.

"ಬೇಕು," ಎಂದ ಅಣ್ಣ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಬೇಕು."

ಮೂರನೆಯ ಸಲ ಹೇಳುವಾಗ ಅವನ ಎಡಗಣ್ಣು ಕಿಟಕಿಯ ಕಡೆ ಹೊರಳಿತು. ಮಳೆಯೆಂದು ಕಿಟಕಿ ಮುಚ್ಚಿದ್ದರು. ಅಡವೀಶಪ್ಪ ಎದ್ದು ತೆಗೆದ. ಎರಚಲು ಅಣ್ಣನ ಮುಖಕ್ಕೆ ಹೊಡೆಯಿತು. ಅಣ್ಣ ಸುಮ್ಮನಾದ.

ಆರು ವರ್ಷ ಅದನ್ನು ಒಂದೇ ಮಾತು ಎಂದುಕೊಂಡಿದ್ದ. ಮುಂದಿನ ಎರಡು ವರ್ಷದಲ್ಲಿ ಅದು ಹತ್ತು ಹನ್ನೆರಡು ಮಾತಾಯಿತು. ಚಿಕ್ಕದಾಗಿ ಅಂದರೆ ನೀರು. ಎಳೆದು ಅಂದರೆ ಮಗ್ಗುಲು ಬದಲಿಸು. ಎರಡು ಸಲ ಕೂಡಿಸಿ ಅಂದರೆ, ದಾಕ್ಷಾಯಣಿಯ ಸಾರಿಗೆ ಉಪ್ಪು ಕಡಿಮೆ. ಅಡವೀಶಪ್ಪ ಸಾಕಾ ಎಂದು ಕೇಳುವುದನ್ನು ಬಿಟ್ಟ. ಚಮಚ ಹಿಡಿದು ಕೂತರೆ ಅಣ್ಣ ಬಾಯಿ ಮುಚ್ಚುವವರೆಗೆ ಕೂರುತ್ತಿದ್ದ.

ಇದರಿಂದ ಪ್ರೀತಿ ಉಕ್ಕಿ ಬಂತು ಎಂದರೆ ಸುಳ್ಳಾಗುತ್ತದೆ. ಸೊಂಟ ಹಿಡಿದುಕೊಂಡಿತು. ಸುಗ್ಗಿಯಲ್ಲಿ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಬೇಕಾಗಿ ಗಿರಾಕಿಗಳು ಆಚೆ ಬೀದಿಗೆ ಹೋದರು. ದಿನಕ್ಕೆ ಹತ್ತು ಸಲ ಹೊಳೆಯ ಮಂಟಪ ನೆನಪಾಗುತ್ತಿತ್ತು. ಸೀರೆಯ ಗಂಟು ಮಾತ್ರ ಯಾವಾಗಲೋ ಬಿಚ್ಚಿಹೋಗಿತ್ತು.

ಎರಡು ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ಮುದ್ದವೀರಪ್ಪ ತೀರಿಕೊಂಡ. ತಿಥಿ ಮುಗಿದ ಮಾರನೆಯ ದಿನ ಅಡವೀಶಪ್ಪ ಆ ಕಂಬಳಿ ಮಡಿಸಿಕೊಂಡು ಹೊಳೆಗೆ ಹೋದ.

ಮರುಳಯ್ಯ ಹಣ್ಣಾಗಿದ್ದರು. ತಂಬಿಗೆ ಎತ್ತಲು ಎರಡೂ ಕೈ ಹಿಡಿಯುತ್ತಿತ್ತು.

"ಬಾ ಸಾವ್ಕಾರ. ಸುಗ್ಗಿ ಹೇಗಿದೆ?"

"ಅಣ್ಣ ಹೋದ ಅಯ್ಯಾ."

ಮರುಳಯ್ಯ ತಲೆದೂಗಿದರು.

"ಆವತ್ತು ನೀವು ಕೊಟ್ಟ ಮಾತು," ಎಂದ ಅಡವೀಶಪ್ಪ. "ಯಾವ ಸಾಕು ಅದು?"

"ನೀನು ಯಾವುದನ್ನ ತಗೊಂಡು ಹೋದೆ?"

"ಎರಡನ್ನೂ ತಗೊಂಡು ಹೋದೆ. ಎರಡನ್ನೂ ಹೊತ್ತೆ."

"ಒಂದರ ಬೆಲೆಗೆ ಎರಡು. ಲಾಭವೇ ಆಯ್ತಲ್ಲ."

ಅಡವೀಶಪ್ಪ ನಕ್ಕ. ಸೊಂಟ ನೋಯಿತು. ನಗು ನಿಂತಿತು.

"ಕೊನೆಯ ದಿನ ಅಣ್ಣ ಇನ್ನೊಂದು ಮಾತು ಆಡಿದ ಅಯ್ಯಾ. ಎಂಟು ವರ್ಷದಲ್ಲಿ ಅದೊಂದೇ ಸಲ. ಹತ್ತಿಯಲ್ಲಿ ನೀರು ಅದ್ದಿ ಬಾಯಿಗೆ ಬಿಡ್ತಿದ್ದೆ. ಸಾಕು ಅಂದ."

ಮರುಳಯ್ಯ ಅವನ ಕಡೆ ತಿರುಗಿದರು.

"ನೀರು ಸಾಕು ಅಂದನೋ, ಬದುಕು ಸಾಕು ಅಂದನೋ, ನನ್ನ ಕೈ ಸಾಕು ಅಂದನೋ, ಗೊತ್ತಿಲ್ಲ."

"ಕೇಳಿದೆಯಾ?"

"ಇಲ್ಲ. ಕೇಳಬಾರದು ಅಂತ ನೀವೇ ಕಲಿಸಿದ್ದು. ಹತ್ತಿ ಕೆಳಗಿಟ್ಟೆ."

ದೂರದಲ್ಲಿ ಯಾರೋ ಕುರಿ ಹೊಡೆದುಕೊಂಡು ಹೊಳೆ ದಾಟುತ್ತಿದ್ದರು. ಈರಕ್ಕ ಅಲ್ಲ. ಬೇರೆ ಯಾರೋ.

"ಮಾಡಬೇಕಾದ್ದು ಮುಗಿಯಿತು," ಎಂದ ಅಡವೀಶಪ್ಪ. "ಇನ್ನು ಬೇಕಾದ್ದು ಮಾಡಬಹುದು. ಮಂಟಪ ಇದೆ, ಚಾಪೆ ಇದೆ, ಕೂಗೋರು ಯಾರೂ ಇಲ್ಲ. ಆದರೆ ಏನು ಬೇಕಿತ್ತು ಅಂತಲೇ ನೆನಪಾಗ್ತಿಲ್ಲ. ಬಾಯಾರಿಕೆ ಒಂದೇ ಆಗ್ತಿದೆ. ಒಂದು ಸುಗ್ಗಿ ಪೂರ್ತಿ ಬಿಟ್ಟೆ, ಎರಡು ಸುಗ್ಗಿ ಅರ್ಧಂಬರ್ಧ ಮಾಡಿದೆ, ಸೊಂಟ ಬಿಟ್ಟೆ, ಎಂಟು ವರ್ಷ ಬಿಟ್ಟೆ. ನೀವೇ ಹೇಳಿ ಅಯ್ಯಾ, ಒಟ್ಟಿನಲ್ಲಿ ನನಗೆ ಬಂದದ್ದೇನು?"

ಮರುಳಯ್ಯ ಎರಡೂ ಕೈಯಲ್ಲಿ ತಂಬಿಗೆ ಎತ್ತಿದರು. ಅಡವೀಶಪ್ಪ ಬಗ್ಗಿ ಅಂಗೈ ಕೂಡಿಸಿದ. ಧಾರೆ ಬಿತ್ತು.

"ಒಂದು ಬೊಗಸೆ," ಎಂದರು ಮರುಳಯ್ಯ. "ಕುಡಿ. ಸಾಕಾ ಅಂತ ನಾನು ಕೇಳಲ್ಲ."